ದುಡಿ, ಕೊಂಬು, ಬೊಳಕಾಟ್: ಬೆಂಗಳೂರಲ್ಲಿ ಯಾವ ರಂಗಮಂದಿರ ಹಿಡಿಯೋದು?

ಗೋಣಿಕೊಪ್ಪದವ:
ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ನಮ್ಮ ಕೊಡವ ಹಾಡು-ಕುಣಿತದ ಒಂದೂಕಾಲು ಗಂಟೆಯ ಕಾರ್ಯಕ್ರಮ ಮಾಡುವ ಯೋಚನೆ ಉಂಟು. ದುಡಿ ಎಂಬ ಸಣ್ಣ ಚರ್ಮವಾದ್ಯ ಬಾರಿಸುತ್ತಾ ದುಡಿಕೊಟ್ಟ್ ಪಾಟ್ ಹಾಡುವವರು ನಾಲ್ವರು, ಕೊಂಬು ಊದುವವರು ಇಬ್ಬರು, ಬೊಳಕಾಟ್‌ಗೆ 12 ಗಂಡಸರು, ಉಮ್ಮತ್ತಾಟ್‌ಗೆ 12 ಹೆಂಗಸರು, ಒಟ್ಟು 30 ಜನ. ಎರಡೂ ವೃತ್ತದಲ್ಲಿ ಕುಣಿಯುವ ಆಟ. ಕೊಡವ ಸಮಾಜದ ಹಾಲ್ ಸಿಗಬಹುದು, ಆದರೆ ಅಲ್ಲಿಗೆ ಬರೋದು ನಮ್ಮವರೇ. ಹೊರಗಿನವರೂ ನೋಡಬೇಕು ಅನ್ನೋದು ಆಸೆ. 300 ಜನ ಬಂದರೆ ಸಾಕು. ಚೌಡಯ್ಯ ಹಾಲ್, ರವೀಂದ್ರ ಕಲಾಕ್ಷೇತ್ರ, ರಂಗಶಂಕರ, ಇವುಗಳಲ್ಲಿ ಯಾವುದು ಸರಿ? ಎಷ್ಟು ಮೈಕ್ ಹೇಳಬೇಕು?

ಪರದೆ ಹಿಂದೆ:
ಸೀಟಿನ ಲೆಕ್ಕ ಆಮೇಲೆ, ಮೊದಲು ವೇದಿಕೆಯ ಆಳ ಕೇಳಿ. ಬೊಳಕಾಟ್‌ನವರ ಕೈಯಲ್ಲಿ ಚವರಿ (ಕೂದಲಿನ ಕುಚ್ಚು), ಒಡಿಕತ್ತಿ (ಅಗಲ ಅಲಗಿನ ಕೊಡವ ಕತ್ತಿ) ಇರುವಾಗ ಒಬ್ಬರಿಗೊಬ್ಬರು ಒಂದೂವರೆ ಮೀಟರಾದರೂ ದೂರ ಬೇಕು. 12 ಜನಕ್ಕೆ ಸುತ್ತಳತೆ 18 ಮೀಟರ್, ಅಂದರೆ ವೃತ್ತದ ಅಡ್ಡಗಲ ಸುಮಾರು 5.7 ಮೀಟರ್. ಹಿಂದೆ ಮುಂದೆ ಒಂದೊಂದು ಮೀಟರ್ ಬಿಟ್ಟರೆ ಎಂಟು ಮೀಟರ್ ಹತ್ತಿರ ಬಂತು. ಮುಂಪರದೆಯಿಂದ ಹಿಂಪರದೆಗೆ ಅಷ್ಟಿಲ್ಲದಿದ್ದರೆ ವೃತ್ತ ಮೊಟ್ಟೆಯಾಕಾರ ಆಗುತ್ತದೆ, ಹೆಜ್ಜೆ ತಪ್ಪುವುದು ಅಲ್ಲೇ.

ಚೌಡಯ್ಯ ಹಾಲ್ ಪಿಟೀಲಿನ ಆಕಾರದ ಚಂದದ ಕಟ್ಟಡ, ಆದರೆ ಸಾವಿರಕ್ಕೂ ಮೇಲೆ ಸೀಟು. 300 ಜನ ಕೂತರೆ ಮದುವೆ ಮುಗಿದ ಮಾರನೇ ದಿನದ ಚಪ್ಪರ ಕಂಡ ಹಾಗೆ ಕಾಣುತ್ತದೆ. ಕಲಾಕ್ಷೇತ್ರವೂ ದೊಡ್ಡದೇ. 1963ರಿಂದ ಇರುವ ಸರ್ಕಾರಿ ರಂಗಮಂದಿರ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು. ಅದರ ಹಿಂದಿನ ಸಂಸ ಬಯಲು ರಂಗಮಂದಿರ ನಿಮ್ಮ ಮಂದ್‌ಗೆ, ಅಂದರೆ ಊರಿನ ಕುಣಿತದ ಬಯಲಿಗೆ, ಹತ್ತಿರದ್ದು. ಆದರೆ ರಾತ್ರಿ 10ಕ್ಕೆ ಮುಗಿಸಲೇಬೇಕು. 2000ದ ಶಬ್ದಮಾಲಿನ್ಯ ನಿಯಮ ಬಯಲಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಮಾತ್ರ ಅಲ್ಲ, ವಾದ್ಯಕ್ಕೂ ಅನ್ವಯಿಸುತ್ತದೆ. ಮೈಕ್ ಇಲ್ಲದೆ ಊದಿದರೂ ಕೊಂಬು ಕೊಂಬೇ.

ಜೆ.ಪಿ. ನಗರದ ರಂಗಶಂಕರದಲ್ಲಿ ಸುಮಾರು 320 ಸೀಟು. ಜನ ಮೂರು ಕಡೆ ಕೂರುತ್ತಾರೆ, ವೃತ್ತದ ಆಟಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಎದುರಿಂದ ಮಾತ್ರ ನೋಡುವ ವೇದಿಕೆಯಲ್ಲಿ ಹಿಂದಿನ ಆರು ಜನ ಮುಂದಿನ ಆರು ಜನರ ಬೆನ್ನಿಗೆ ಮರೆ. ಒಂದೇ ತೊಡಕು, ಅದು ಮುಖ್ಯವಾಗಿ ನಾಟಕದ ಜಾಗ, ತಿಂಗಳುಗಟ್ಟಲೆ ಮೊದಲೇ ಕೇಳಬೇಕು. ಹೇಳಿದ ಸಮಯಕ್ಕೆ ಬಾಗಿಲು ಹಾಕಿದರೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ನಿಮ್ಮ ನೆಂಟರಿಗೆ ಇದನ್ನು ಎರಡು ಸಲ ಹೇಳಿ.

ಸೌಂಡ್ ಬಾಕ್ಸ್:
ಮೈಕಿನ ವಿಷಯ ನಾನು ಹೇಳುತ್ತೇನೆ. 300 ಸೀಟಿನ ಹಾಲ್‌ನಲ್ಲಿ ದುಡಿಗೆ ಬೇರೆ ಮೈಕ್ ಬೇಡವೇ ಬೇಡ, ಕೊಂಬಿಗಂತೂ ಮಾತೇ ಇಲ್ಲ. ಹಾಡುವವನ ಬಾಯಿಗೂ ಕೈಯಲ್ಲಿರುವ ದುಡಿಗೂ ಒಂದಡಿ ಅಂತರ. ಬಾಯಿ ಮೈಕ್‌ಗೇ ದುಡಿ ಬೇಕಾದ್ದಕ್ಕಿಂತ ಜಾಸ್ತಿ ಬೀಳುತ್ತದೆ. ಕಷ್ಟ ಇರೋದು ಹಾಡಿನ ಮಾತು ಕೇಳಿಸೋದರಲ್ಲಿ.

ನಾಲ್ಕು ಡೈನಮಿಕ್ (ಹತ್ತಿರದ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್, ಬಾಯಿಂದ ಮೂರು–ನಾಲ್ಕು ಬೆರಳು ದೂರ, ಸ್ಟ್ಯಾಂಡ್ ಮೇಲೆ. ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಬೇಡ, ಇಡೀ ವೇದಿಕೆ ಒಳಗೆ ಬರುತ್ತದೆ. ಮಿಕ್ಸರ್‌ನಲ್ಲಿ 120 ಹರ್ಟ್ಸ್ ಕೆಳಗೆ ಕತ್ತರಿಸಿದರೆ ಹೆಜ್ಜೆಯ ದಡದಡ ಹೋಗುತ್ತದೆ. ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಬ್ಬರಿಗೊಂದರಂತೆ ಎರಡು ಮಾನಿಟರ್ (ವೇದಿಕೆ ಮೇಲಿನ ಸ್ಪೀಕರ್) ಸಾಕು. ಎಡವಟ್ಟಾಗುವುದು ಮಾನಿಟರ್ ಇಡುವ ಜಾಗದಲ್ಲಿ, ಅದು ಮೈಕಿಗೆ ಕಿವುಡಿರುವ ಕಡೆಯೇ ಇರಬೇಕು. ಮುಂದಿನ ಸದ್ದನ್ನು ಹೆಚ್ಚು ಹಿಡಿಯುವ ಮೈಕ್‌ಗಳಲ್ಲಿ ಎರಡು ಬಗೆ: ಕಾರ್ಡಿಯಾಯ್ಡ್ ಮೈಕಿಗೆ ನೇರ ಬೆನ್ನ ಹಿಂದೆ ಕಿವುಡು, ಸೂಪರ್ ಕಾರ್ಡಿಯಾಯ್ಡ್‌ಗೆ ಸುಮಾರು 125 ಡಿಗ್ರಿಯಲ್ಲಿ, ಅಂದರೆ ಬೆನ್ನಿನ ಆಚೀಚೆ. ಮೈಕ್ ಬದಲಾಯಿಸಿ ಮಾನಿಟರ್ ಅಲ್ಲೇ ಬಿಟ್ಟರೆ ಕುಂಯ್ ಅನ್ನುತ್ತದೆ, ಆಮೇಲೆ ಬೈಸಿಕೊಳ್ಳುವುದು ಸೌಂಡ್‌ನವನು.

ಕೊಂಬಿನವರನ್ನು ಹಾಡುವವರ ಹಿಂದೆ ನಿಲ್ಲಿಸಬೇಡಿ, ನಾಲ್ಕೂ ಮೈಕಿಗೆ ನುಗ್ಗುತ್ತದೆ. ಸೈಡ್‌ವಿಂಗ್ (ವೇದಿಕೆಯ ಪಕ್ಕದ ಮರೆ) ಹತ್ತಿರ, ಕೊಂಬಿನ ಬಾಯಿ ಮೈಕಿನ ಕಡೆ ತಿರುಗದ ಹಾಗೆ ನಿಲ್ಲಲಿ. ನಿರೂಪಕರಿಗೆ ಒಂದು ಕಾರ್ಡ್‌ಲೆಸ್, ಹೊಸ ಸೆಲ್ ಹಾಕಿ. ಉಮ್ಮತ್ತಾಟ್‌ನಲ್ಲಿ ಕುಣಿಯುವವರೇ ಹಾಡುವುದಾದರೆ ವೃತ್ತದ ಮೇಲೆ ಮೈಕ್ ತೂಗಿಸುವುದು ದಂಡ, ತಾಳದ ಸದ್ದು ಮಾತ್ರ ಸಿಗುತ್ತದೆ. ಅದರ ಬದಲು ಹಾಡುವ ಇಬ್ಬರನ್ನು ಪಕ್ಕದಲ್ಲಿ ಮೈಕ್ ಮುಂದೆ ಕೂರಿಸಿ.

ಇನ್ನೊಂದು, ಎಸಿ. ಒಣ ಗಾಳಿಗೆ ದುಡಿಯ ಚರ್ಮ ಬಿಗಿದು ಶ್ರುತಿ ಏರುತ್ತದೆ. ಹಿತ್ತಾಳೆ ಕೊಂಬಿಗೆ ತಿರುಗಾಮುರುಗ, ತಣ್ಣಗಿದ್ದಷ್ಟು ಹೊತ್ತು ಇಳಿದಿರುತ್ತದೆ. ಒಂದು ಕೊಂಬು ಬಿಸಿ, ಒಂದು ತಣ್ಣಗೆ ಇದ್ದರೆ ಎರಡೂ ಕಚ್ಚಾಡುತ್ತವೆ. ವಾದ್ಯಗಳನ್ನು ಎರಡು ಗಂಟೆ ಮೊದಲೇ ಹಾಲ್ ಒಳಗಿಟ್ಟು, ಎಸಿ ಓಡುತ್ತಿರುವಾಗಲೇ ದುಡಿಯ ಹಗ್ಗ ಬಿಗಿ ನೋಡಿ. ಶುರುವಾಗುವ ಮೊದಲು ವಿಂಗ್‌ನಲ್ಲಿ ಐದು ನಿಮಿಷ ಕೊಂಬಿಗೆ ಬರೀ ಉಸಿರು ಬಿಡಲಿ.

ಲೈಟು ನಾನು:
ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ, ಗಂಡಸರ ಕಪ್ಪು ಕುಪ್ಯ (ಕೊಡವ ನಿಲುವಂಗಿ), ಹಿಂದೆ ಕಪ್ಪು ಪರದೆ! ಎದುರಿನ ಲೈಟು ಎಷ್ಟು ಹಾಕಿದರೂ ಗಾಳಿಯಲ್ಲಿ ಮುಖ, ಕೈ, ಚವರಿ, ಸೊಂಟದ ಕೆಂಪು ಚೇಲೆ ತೇಲಿದ ಹಾಗೆ ಕಾಣುತ್ತದೆ. ಹಿಂದೆ ಬಿಳಿ ಪರದೆ ಕೇಳಿ, ಅದರ ಮೇಲೆ ಮಂದ ನೀಲಿ. ಇಲ್ಲವೆಂದರೆ ಮೇಲಿನಿಂದ ಬೆನ್ನಿಗೆ ನಾಲ್ಕು ಪಾರ್ ಲೈಟು, ಎರಡೂ ವಿಂಗ್‌ನಿಂದ ಎರಡೆರಡು. ಭುಜದ ಅಂಚಿಗೆ ಬೆಳಕು ಬಿದ್ದರೆ ಮಾತ್ರ ಕುಪ್ಯ ಎದ್ದು ಬರುತ್ತದೆ. ಉಮ್ಮತ್ತಾಟ್‌ನ ಕೆಂಪು ಸೀರೆಗೆ ಹಸಿರು ಜೆಲ್ (ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆ) ಹಾಕಿದರೆ ಸೀರೆ ಕಂದು ಬಣ್ಣಕ್ಕೆ ತಿರುಗುತ್ತದೆ, ತಿಳಿ ಹಳದಿ ಸಾಕು.

ಗೋಣಿಕೊಪ್ಪದವ:
ಆಳ ಕೇಳಬೇಕೆಂದು ತಲೆಗೇ ಹೊಳೆದಿರಲಿಲ್ಲ. ಬೊಳಕಾಟ್‌ಗೆ ನಡುವೆ ಎಣ್ಣೆ ದೀಪ ಹಚ್ಚಬಹುದಾ?

ಪರದೆ ಹಿಂದೆ:
ಕೇಳದೆ ಹಚ್ಚಬೇಡಿ. ಅರ್ಜಿಯಲ್ಲೇ ದೀಪ, ಒಡಿಕತ್ತಿ ಎರಡನ್ನೂ ಬರೆದುಬಿಡಿ. ಅವರು ಒಪ್ಪಿದರೆ ದೀಪದ ಅಡಿಯಲ್ಲಿ ಅಗಲ ತಟ್ಟೆ, ಮರಳು, ವಿಂಗ್‌ನಲ್ಲಿ ಒಬ್ಬ ಒದ್ದೆ ಗೋಣಿ ಹಿಡಿದು ನಿಲ್ಲಲಿ, ಎಣ್ಣೆ ಅರ್ಧ ಮಾತ್ರ. ನೆಲಕ್ಕೆ ಎಣ್ಣೆ ಬಿದ್ದರೆ ಬರಿಗಾಲಿನ ಉಮ್ಮತ್ತಾಟ್ ಕಥೆ ಮುಗಿಯಿತು, ಹಾಗಾಗಿ ಉಮ್ಮತ್ತಾಟ್ ಮೊದಲು, ಬೊಳಕಾಟ್ ಆಮೇಲೆ ಇಡಿ. ಒಪ್ಪದಿದ್ದರೆ ದೀಪದೊಳಗೆ ಬ್ಯಾಟರಿ ಬಲ್ಬು.