ಕೈಂಡ್ ಆಫ್ ಬ್ಲೂ: ಒಂದನೇ ಸೈಡ್ ಮಾತ್ರ ಶ್ರುತಿ ಮೇಲೆ ಯಾಕೆ? ಈ ವಾರ ನೀವೇನು ಕೇಳ್ತಿದ್ದೀರಿ?

ಮೋಟಾರ್ ಮನುಷ್ಯ, ದಾವಣಗೆರೆ

ಹದಡಿ ರಸ್ತೆ ಕಡೆ ಮೋಟಾರ್ ರೀವೈಂಡಿಂಗ್ ಅಂಗಡಿ ನನ್ನದು. ಬೇಸಿಗೆ ಬಂತೆಂದರೆ ನಮಗೆ ಸುಗ್ಗಿ. ವೋಲ್ಟೇಜ್ ಕಡಿಮೆಯಾಗಿ ಅಡಿಕೆ ತೋಟಗಳ ಬೋರ್‌ವೆಲ್ ಮೋಟಾರ್‌ಗಳು ಸಾಲಾಗಿ ಸುಟ್ಟು ಬರುತ್ತವೆ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದು, ಕೈಗೆ ಅಂಟಿದ ವಾರ್ನಿಶ್ ತೊಳೆದು, ಊಟ ಮುಗಿಸಿ ಒಂದು ಗ್ರಾಮಫೋನ್ ಪ್ಲೇಟು ಹಾಕುತ್ತೇನೆ. ಒಂದೇ. ಎರಡನೆಯದು ಹಾಕಿದರೆ ಕುರ್ಚಿಯಲ್ಲೇ ನಿದ್ದೆ. ಒಮ್ಮೆ ಬೆಳಗಿನ ಜಾವ ಎದ್ದು ನೋಡಿದರೆ ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಅಂತ ತಿರುಗುತ್ತಲೇ ಇತ್ತು. ಆ ಮುಳ್ಳು ಬದಲಿಸೋಕೆ ಆದ ಖರ್ಚನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಈ ವಾರ ಪೂರ್ತಿ ಅಮೆರಿಕದ ಜಾಜ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರಿಂದ ತಂದ ಹಳೇ ಅಮೆರಿಕನ್ ಪ್ಲೇಟು. ಕವರಿನ ಮೂಲೆಯನ್ನು ಇಲಿ ತಿಂದಿದೆ, ಒಳಗೆ ಮಾತ್ರ ಚೊಕ್ಕವಾಗಿದೆ.

ತಕರಾರು ತೆಗೆದದ್ದು ನನ್ನ ಹೆಂಡತಿ. ಅವಳು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ, ಕಿವಿ ಬಹಳ ಚುರುಕು. ಮೊನ್ನೆ ಒಂದನೇ ಸೈಡಿನ ಮೊದಲ ಹಾಡು ‘ಸೋ ವಾಟ್’ ಓಡುತ್ತಿತ್ತು. ಹಾಲು ಕಾಯಿಸುತ್ತಿದ್ದವಳು ಒಲೆ ಆರಿಸಿ ಬಂದು ಹಾರ್ಮೋನಿಯಂ ಮುಂದೆ ಕೂತಳು. ಎರಡನೇ ಬಿಳಿ ಮನೆ, ಅದರ ಮೇಲಿನ ಎರಡನೇ ಕರಿ ಮನೆ, ಎರಡನ್ನೂ ಒತ್ತಿ ನೋಡಿದಳು. “ರೀ, ಇದು ಬಿಳಿ ಎರಡೂ ಅಲ್ಲ, ಕರಿ ಎರಡೂ ಅಲ್ಲ. ನಡುವೆ ಎಲ್ಲೋ ನಿಂತಿದೆ” ಅಂದಳು. ಮಗಳ ಫೋನಿನಲ್ಲಿ ಅದೇ ಹಾಡು ಹಾಕಿಸಿದೆವು. ಫೋನಿನಲ್ಲಿ ಸರಿಯಾಗಿ ಬಿಳಿ ಎರಡು!

ಪ್ಲೇಟು ಜೋರಾಗಿ ತಿರುಗಿದರೆ ಶ್ರುತಿ ಏರುತ್ತದೆ. ನನಗೆ ಅವಮಾನ ಆಯ್ತು. ಊರಿನವರ ಮೋಟಾರ್ ರಿಪೇರಿ ಮಾಡುವವನ ಮನೆಯ ಮೋಟಾರೇ ಕೆಟ್ಟಿದ್ದರೆ ಏನು ಚೆನ್ನ? ಪ್ಲೇಟಿನ ಅಂಚಿಗೆ ಸಣ್ಣ ಚೀಟಿ ಸಿಕ್ಕಿಸಿ ಸುತ್ತು ಎಣಿಸಿದೆ. 33⅓ ಅಂದರೆ ಮೂರು ನಿಮಿಷಕ್ಕೆ ನೂರು ಸುತ್ತು ಬರಬೇಕು. ನೂರೇ ಬಂತು. ಎರಡು ಸಲ ಎಣಿಸಿದೆ. ಆಮೇಲೆ ಎರಡನೇ ಸೈಡ್ ತಿರುಗಿಸಿ ಹಾಕಿದರೆ ‘ಆಲ್ ಬ್ಲೂಸ್’ ಫೋನಿಗೆ ಪಕ್ಕಾ ಹೊಂದುತ್ತದೆ!

ಮೂವತ್ತು ವರ್ಷದಿಂದ ಮೋಟಾರ್ ಸುತ್ತುತ್ತಿದ್ದೇನೆ. ಒಂದು ಸೈಡಿಗೆ ಮಾತ್ರ ಜೋರಾಗಿ ಓಡುವ ಮೋಟಾರ್ ಇದುವರೆಗೆ ಕಂಡಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ. ಹಾಗೇ ಈ ವಾರ ನಿಮ್ಮ ಮನೆಯಲ್ಲಿ ಏನು ಓಡುತ್ತಿದೆ ಅಂತಲೂ ಬರೆಯಿರಿ. ಬರೀ ಹೆಸರು ಬೇಡ, ಯಾಕೆ ಅಂತ ಹೇಳಿ.

ದುರ್ಗದ ಗಾಳಿ, ಚಿತ್ರದುರ್ಗ

ಅಣ್ಣ, ನಿಮ್ಮ ಕಡೆ ರಾತ್ರಿ ವೋಲ್ಟೇಜ್ ಜಾಸ್ತಿ ಬರುತ್ತಿರಬೇಕು. ಒಂದನೇ ಸೈಡ್ ಹಾಕಿದಾಗ ಜಾಸ್ತಿ, ಎರಡನೆಯದಕ್ಕೆ ಬರುವಷ್ಟರಲ್ಲಿ ಕಡಿಮೆ. ಸ್ಟೆಬಿಲೈಜರ್ ಹಾಕಿ ನೋಡಿ.

ನಾನು ಗಾಳಿಯಂತ್ರದ ಕೆಲಸದವನು. ರಾತ್ರಿ ಪಾಳಿ ಇದ್ದಾಗ ಗುಡ್ಡದ ಮೇಲೆ ಶೆಡ್ಡಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತೇನೆ. ಪ್ಲೇಟು ಗೀಟು ನನ್ನ ಹತ್ತಿರ ಇಲ್ಲ, ಎಲ್ಲ ಫೋನಿನಲ್ಲೇ. ಈ ವಾರ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಮೂವರ ತಂಡ, ಬಿಲ್ ಇವಾನ್ಸ್ ಟ್ರಯೋದ ‘ಸಂಡೇ ಅಟ್ ದಿ ವಿಲೇಜ್ ವ್ಯಾನ್‌ಗಾರ್ಡ್’. 1961ರ ಜೂನ್ 25, ಭಾನುವಾರ, ನ್ಯೂಯಾರ್ಕಿನ ಒಂದು ನೆಲಮಾಳಿಗೆ ಕ್ಲಬ್ಬು. ಜನ ಮಾತಾಡುವುದು, ಗ್ಲಾಸು ತಗಲುವ ಸದ್ದು, ಎಲ್ಲ ಕೇಳಿಸುತ್ತದೆ. ಅವರ್ಯಾರೂ ಸರಿಯಾಗಿ ಕೇಳುತ್ತಲೇ ಇಲ್ಲ ಅನ್ನಿಸಿ ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಆ ಗ್ಲಾಸಿನ ಸದ್ದಿಗೂ ಕಾಯುತ್ತೇನೆ. ಬಾಸ್ ನುಡಿಸಿದ ಸ್ಕಾಟ್ ಲಫಾರೊ ಅದಾಗಿ 11ನೇ ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡರು. ಬರೀ 25 ವಯಸ್ಸು. ಪಾಪ, ಆ ಗ್ಲಾಸಿನವರಿಗೆ ಏನು ಗೊತ್ತಿತ್ತು.

ಮೋಟಾರ್ ಮನುಷ್ಯ

ತಮ್ಮಾ, ನಿನ್ನ ಭಾನುವಾರದ ಕಥೆ ಓದಿ ರಾತ್ರಿಯೇ ಕೇಳಿದೆ. ಬಾಸ್ ಹಿಂದೆ ನಿಂತು ತಾಳ ಕೊಡುವ ಬದಲು ಪಿಯಾನೊ ಜೊತೆ ಮಾತಿಗೆ ಮಾತು ಕೊಡುತ್ತಿದೆ. ಇದನ್ನು ಇಷ್ಟು ದಿನ ಯಾಕೆ ಬಿಟ್ಟಿದ್ದೆನೋ.

ಆದರೆ ವೋಲ್ಟೇಜ್ ಮಾತು ಒಪ್ಪಲ್ಲ. ನನ್ನದು ಸಿಂಕ್ರೊನಸ್ ಮೋಟಾರ್. ಅದರ ವೇಗ ಕರೆಂಟಿನ ಹರ್ಟ್ಜ್ ಹಿಡಿದುಕೊಂಡು ಹೋಗುತ್ತದೆ, ವೋಲ್ಟೇಜ್ ಸ್ವಲ್ಪ ಅತ್ತಿತ್ತ ಆದರೆ ಅದು ಕೇರ್ ಮಾಡಲ್ಲ. ನಮ್ಮದು 50 ಹರ್ಟ್ಜ್, ಅಮೆರಿಕದ್ದು 60. ಅಲ್ಲಿಯ ಪ್ಲೇಯರನ್ನು ಇಲ್ಲಿ ಹಾಗೇ ಓಡಿಸಿದರೆ 33 ಹೋಗಿ 28ರ ಹತ್ತಿರ ಬರುತ್ತದೆ. ಅಂದರೆ ಶ್ರುತಿ ಇಳಿಯಬೇಕು. ನನ್ನದು ಏರಿದೆ! ಸ್ಟೆಬಿಲೈಜರ್ ದುಡ್ಡಿಗೆ ಇನ್ನೊಂದು ಪ್ಲೇಟು ಬರುತ್ತೆ ಬಿಡು.

ಹಳೇ ಪಿ.ಜೆ. ಬಡಾವಣೆ, ಈಗ ಬೆಂಗಳೂರು

ಮೋಟಾರ್ ಮನುಷ್ಯರೇ, ದಯವಿಟ್ಟು ಪ್ಲೇಯರ್ ಬಿಚ್ಚಬೇಡಿ. ನಿಮ್ಮ ಮೋಟಾರ್ ಸರಿ ಇದೆ, ನಿಮ್ಮ ಮನೆಯವರ ಕಿವಿ ಇನ್ನೂ ಸರಿ ಇದೆ. ತಪ್ಪಾದದ್ದು 1959ರ ಮಾರ್ಚ್ 2ರಂದು.

ಆ ಆಲ್ಬಂ ರೆಕಾರ್ಡ್ ಆದದ್ದು ಎರಡೇ ದಿನದಲ್ಲಿ, ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ. ಅದು ಮೊದಲು ಚರ್ಚ್ ಆಗಿದ್ದ ಕಟ್ಟಡ. ಮಾರ್ಚ್ 2ರಂದು ಒಂದನೇ ಸೈಡಿನ ಮೂರು ಹಾಡು, ಏಪ್ರಿಲ್ 22ರಂದು ಎರಡನೇ ಸೈಡಿನ ಎರಡು. ಮೊದಲ ದಿನ ಟೇಪ್ ಯಂತ್ರವೊಂದು ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಹಾಗಾದಾಗ ಸಂಗೀತ ಕಡಿಮೆ ಉದ್ದದ ಟೇಪಿನಲ್ಲಿ ಅಡಕವಾಗುತ್ತದೆ. ಅದನ್ನೇ ಸರಿಯಾದ ವೇಗದಲ್ಲಿ ಓಡಿಸಿದರೆ ಬೇಗ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ಆ ಟೇಪಿನಿಂದಲೇ ಪ್ಲೇಟು ತೆಗೆದರು. ಆ ದಿನ ಜೊತೆಗೆ ಇನ್ನೊಂದು ಯಂತ್ರವೂ ಓಡುತ್ತಿತ್ತು, ಅದು ಸರಿ ಇತ್ತು. ಅದರ ಟೇಪಿನಿಂದ ತಿದ್ದಿದ್ದು 1992ರಲ್ಲಿ. ಫೋನಿನಲ್ಲಿ ನಿಮಗೆ ಕೇಳಿಸಿದ್ದು ತಿದ್ದಿದ್ದು.

ಲೆಕ್ಕ ಹಾಕಿ, 33 ವರ್ಷ! ಪ್ಲೇಟಿನ ಜೊತೆ ನುಡಿಸಿ ಕಲಿಯಲು ಕೂತವರು ತಮ್ಮ ವಾದ್ಯವನ್ನೇ ಅಷ್ಟು ಏರಿಸಿಕೊಳ್ಳಬೇಕಿತ್ತು.

ಮನೆಯವರಿಗೆ ಇನ್ನೊಂದು ಹೇಳಿ. ‘ಸೋ ವಾಟ್’ ಸ್ವರಗಳು ನಮ್ಮ ಖರಹರಪ್ರಿಯ ರಾಗದವೇ. 16 ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಹಾಗೇ ಹೋಗಿ, ಆಮೇಲೆ 8 ಬಾರ್ ಷಡ್ಜವೇ ಅರ್ಧ ಸ್ವರ ಮೇಲೆ ಹತ್ತಿ, ಮತ್ತೆ 8 ಬಾರ್‌ಗೆ ಕೆಳಗಿಳಿಯುತ್ತದೆ. ನಮ್ಮ ಕಛೇರಿಯಲ್ಲಿ ಹೀಗೆ ಮಾಡಿದರೆ ತಂಬೂರಿಯವರು ಎದ್ದು ಹೋಗುತ್ತಾರೆ.

ಈ ವಾರ ನನ್ನದು ‘ಜ್ಯೋತಿ’. ಬೋಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಜೊತೆಗೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಆರ್.ಎ. ರಮಾಮಣಿ ಅವರ ಹಾಡುಗಾರಿಕೆ, ಟಿ.ಎ.ಎಸ್. ಮಣಿ ಅವರ ಮೃದಂಗ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಮರಿಯಾನೊ ನಾದಸ್ವರವನ್ನೂ ಕಲಿತಿದ್ದವರು. ಸ್ಯಾಕ್ಸೊಫೋನಿನಲ್ಲಿ ಅದು ಗೊತ್ತಾಗುತ್ತದೆ. ಇಂಥ ಮಿಶ್ರಣಗಳಲ್ಲಿ ಎಷ್ಟೋ ಸಲ ಇಬ್ಬರೂ ನಾಚಿಕೊಂಡು ದೂರ ದೂರ ಕೂತ ಹಾಗಿರುತ್ತದೆ. ಇದರಲ್ಲಿ ಹಾಗಿಲ್ಲ.

ಮಂಡಕ್ಕಿ ಮೆಣಸಿನಕಾಯಿ, ದಾವಣಗೆರೆ

ನಾನು ಹೊಸಬ, ಸುಮ್ನೆ ಓದ್ತಾ ಇದ್ದೆ. ಸ್ಯಾಕ್ಸೊಫೋನ್ ಅಂದರೆ ನಮ್ಮ ಮನೆಯಲ್ಲಿ ಕದ್ರಿ ಗೋಪಾಲನಾಥ್ ಮಾತ್ರ. ಮದುವೆ ಕ್ಯಾಸೆಟ್‌ನಲ್ಲೂ ಅವರೇ. ನನ್ನಂಥವನು ಜಾಜ್ ಎಲ್ಲಿಂದ ಶುರು ಮಾಡಬೇಕು?

ಹಳೇ ಪಿ.ಜೆ. ಬಡಾವಣೆ

ನೀವು ಬಾಗಿಲಲ್ಲೇ ನಿಂತಿದ್ದೀರಿ. ‘ಕಿನ್ಸ್‌ಮೆನ್’ ಕೇಳಿ, 2008ರದ್ದು. ಕದ್ರಿಯವರೂ ಅಮೆರಿಕದ ರುದ್ರೇಶ್ ಮಹಾಂತಪ್ಪ ಅವರೂ ಸೇರಿ ನುಡಿಸಿದ್ದು, ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಯಾರದು ಯಾವುದು ಅಂತ ಗುರುತಿಸುತ್ತಾ ಹೋಗಿ. ಗಮಕ ಬಂತೋ, ಕದ್ರಿ ಅಂದುಕೊಳ್ಳುತ್ತೀರಿ. ಅಲ್ಲೇ ಮೋಸ ಹೋಗುತ್ತೀರಿ.

ಮೋಟಾರ್ ಮನುಷ್ಯ

ಮಹಾಂತಪ್ಪ! ಹೆಸರು ಕೇಳಿದರೆ ನಮ್ಮ ಮಂಡಿಪೇಟೆಯಲ್ಲಿ ಅಂಗಡಿ ಇಟ್ಟವರ ಹಾಗಿದೆ.

ಪಿ.ಜೆ. ಬಡಾವಣೆಯವರೇ, ನಿಮ್ಮ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. “ನಾನು ಹೇಳ್ಲಿಲ್ವಾ” ಅಂತ ಮೂರು ಸಲ ಕೇಳಿಸಿಕೊಂಡೆ. ಇಷ್ಟು ದೊಡ್ಡ ಕಂಪನಿ, ಅಷ್ಟು ದೊಡ್ಡ ವಾದಕರು, ಒಂದು ಹಾರ್ಮೋನಿಯಂ ಇಟ್ಟುಕೊಂಡು ನೋಡಬಾರದಿತ್ತಾ ಅಂತ ಅವಳ ಪ್ರಶ್ನೆ. ನಾನು ಯಂತ್ರದವನ ಪರ. ನಿಧಾನಕ್ಕೆ ಓಡುವ ಮೋಟಾರ್ ಸದ್ದು ಮಾಡಲ್ಲ, ಹೊಗೆ ಬಿಡಲ್ಲ. ಪಕ್ಕದಲ್ಲೇ ನಿಂತರೂ ಗೊತ್ತಾಗಲ್ಲ.

ಆಮೇಲೆ ಆದದ್ದು ಕೇಳಿ. ನಿನ್ನೆ ಅವಳು ಶ್ರುತಿ ಪೆಟ್ಟಿಗೆ ತಂದಳು. ಬಿಳಿ ಎರಡಕ್ಕೆ ಇಟ್ಟು, ಚೂರು ಹೆಚ್ಚುಕಮ್ಮಿ ಮಾಡುವ ಸಣ್ಣ ತಿರುಪನ್ನು ಮೆಲ್ಲಗೆ ಮೇಲೇರಿಸುತ್ತಾ ಹೋದಳು. ಒಂದು ಕಡೆ ಪ್ಲೇಟೂ ಪೆಟ್ಟಿಗೆಯೂ ಕೂಡಿಕೊಂಡವು. ಮೈಲ್ಸ್ ಅವರ ತುತ್ತೂರಿ ಹಿಂದೆ ನಮ್ಮ ತಂಬೂರಿ ಸದ್ದು. ಚೆನ್ನಾಗಿತ್ತು ರೀ, ನಿಜವಾಗಿ. ಆಮೇಲೆ ಆ ಷಡ್ಜ ಮೇಲೆ ಹತ್ತುವ ಜಾಗ ಬಂತು. ಅವಳು ಪೆಟ್ಟಿಗೆ ಆರಿಸಿ, ಬಾರ್ ಎಣಿಸಿ, ಕೆಳಗಿಳಿದ ಮೇಲೆ ಮತ್ತೆ ಹಾಕಿದಳು. ಹಾಡು ಮುಗಿಯುವವರೆಗೂ ಹೀಗೇ. ನಾನು ನನ್ನ ಒಂದು ಪ್ಲೇಟಿನ ನಿಯಮ ಮುರಿದು ಅದೇ ಸೈಡನ್ನು ಇನ್ನೊಮ್ಮೆ ಹಾಕಿದೆ.

‘ಜ್ಯೋತಿ’ಯನ್ನು ಅವಳೂ ಕೇಳಬೇಕಂತೆ. ಪ್ಲೇಟು ಕೊಡುವ ಮನಸ್ಸಿದ್ದರೆ ಬಸ್ಸಿನಲ್ಲಿ ಹಾಕಿ ಕಳಿಸಬೇಡಿ, ಈ ಬಿಸಿಲಿಗೆ ಡೊಂಕಾಗುತ್ತದೆ. ತಾಮ್ರದ ತಂತಿ ತರೋಕೆ ಮುಂದಿನ ವಾರ ಬೆಂಗಳೂರಿಗೆ ಬರುವವನಿದ್ದೇನೆ, ನಾನೇ ಬಂದು ತಗೊಂಡು ಹೋಗುತ್ತೇನೆ. ಬರುವಾಗ ನಿಮಗೆ ನಮ್ಮೂರ ಮಂಡಕ್ಕಿ ತರಲಾ?