ಪದಚರ್ಚೆ: ಬ್ಲಿಜರ್ಡ್‌ಗೆ ‘ಹಿಮಪಾತ’ ಆದೀತೆ? ಜೊತೆಗೆ ವೈಟ್‌ಔಟ್, ವಿಂಡ್ ಚಿಲ್

ಪ್ರಶ್ನೆ (ಗದಗ):
ಧ್ರುವಪ್ರದೇಶದ ಹವೆಯ ಬಗ್ಗೆ ಪ್ರೌಢಶಾಲೆ ಮಕ್ಕಳಿಗೊಂದು ಕೈಪಿಡಿ ಸಿದ್ಧವಾಗುತ್ತಿದೆ. ಬ್ಲಿಜರ್ಡ್‌ಗೆ ಕರಡಿನಲ್ಲಿ ಒಂದು ಕಡೆ ‘ಹಿಮಪಾತ’, ಇನ್ನೊಂದು ಕಡೆ ‘ಹಿಮ ಚಂಡಮಾರುತ’ ಎಂದಿದೆ. ಯಾವುದು ಸರಿ? ವೈಟ್‌ಔಟ್, ವಿಂಡ್ ಚಿಲ್ ಇವಕ್ಕೆ ಏನು ಬರೆಯಬೇಕು? ನಮ್ಮ ಕಡೆಯ ಮಾತು ಯಾವುದಾದರೂ ಒದಗುತ್ತದೆಯೇ?

ಉತ್ತರ (ಧಾರವಾಡ):
ಎರಡೂ ಬೇಡ. ‘ಹಿಮಪಾತ’ದಲ್ಲಿ ಮೊದಲೇ ಎರಡು ಅರ್ಥ ಸೇರಿಕೊಂಡಿವೆ. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕು ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದಾಗ ಪತ್ರಿಕೆಗಳು ಅದನ್ನೂ ‘ಹಿಮಪಾತ’ ಎಂದೇ ಬರೆದವು. ಅಲ್ಲಿ ಆದದ್ದು ಹಿಮಕುಸಿತ. ಹಿಮಪಾತ ಎಂದರೆ ಆಕಾಶದಿಂದ ಹಿಮ ಬೀಳುವುದು, ಅಷ್ಟೇ. ಗಾಳಿಯೇ ಇಲ್ಲದೆ ಮೆಲ್ಲಗೆ ಬಿದ್ದರೂ ಅದು ಹಿಮಪಾತವೇ.

ಬ್ಲಿಜರ್ಡ್‌ನಲ್ಲಿ ಹೊಸ ಹಿಮ ಬೀಳಲೇಬೇಕೆಂದಿಲ್ಲ. ಅಮೆರಿಕದ ಹವಾಮಾನ ಸೇವೆ ಅಳತೆ ಕಟ್ಟಿರುವುದು ಗಾಳಿಗೆ ಮತ್ತು ಕಣ್ಣಿಗೆ ಕಾಣುವ ದೂರಕ್ಕೆ: ಗಂಟೆಗೆ 56 ಕಿ.ಮೀ. ಅಥವಾ ಹೆಚ್ಚಿನ ಗಾಳಿ, 400 ಮೀಟರಿಗಿಂತ ಕಡಿಮೆ ಕಾಣುವ ದೂರ, ಎರಡೂ ಕನಿಷ್ಠ 3 ಗಂಟೆ ನಿಲ್ಲಬೇಕು. ಕೆನಡಾದಲ್ಲಿ ಗಾಳಿ 40 ಕಿ.ಮೀ. ಇದ್ದರೆ ಸಾಕು, ಆದರೆ 4 ಗಂಟೆ ಬೇಕು. ಚಳಿಗೆ ಮರಗಳೇ ಬೆಳೆಯದ ದೂರದ ಉತ್ತರದಲ್ಲಿ 6 ಗಂಟೆ. ಹಿಮ ಎಷ್ಟು ಇಂಚು ಬಿತ್ತು ಎಂಬ ಮಾತು ಎರಡರಲ್ಲೂ ಇಲ್ಲ. ಮೊದಲೇ ಬಿದ್ದು ಹಾಸಿಕೊಂಡ ಹಿಮವನ್ನೇ ಗಾಳಿ ಎಬ್ಬಿಸಿದರೂ ಬ್ಲಿಜರ್ಡ್ ಆಯಿತು. ಅಂಥ ಹೊತ್ತಿನಲ್ಲಿ ನೆತ್ತಿಯ ಮೇಲೆ ಆಕಾಶ ನೀಲಿಯಾಗಿರಬಹುದು, ಚಾಚಿದ ಕೈ ಮಾತ್ರ ಕಾಣದು. ಅದಕ್ಕೇ ಅಂಟಾರ್ಕ್ಟಿಕದ ನೆಲೆಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಗ್ಗ ಕಟ್ಟಿರುತ್ತಾರೆ.

ನಮ್ಮ ಕಡೆಯ ಮಾತು ಒದಗುವುದು ಇಲ್ಲೇ: ‘ತೂರು’. ಕಣದಲ್ಲಿ ಜೋಳ ತೂರುವಾಗ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿಯ ಜೊತೆ ದೂರ ಹೋಗುತ್ತದೆ. ಹಿಮದಲ್ಲೂ ಹಾಗೆಯೇ. ಒಣ ಹಿಮವಾದರೆ ಗಾಳಿ ಗಂಟೆಗೆ ಸುಮಾರು 25–30 ಕಿ.ಮೀ. ತಲುಪಿದಾಗ ಹರಳುಗಳು ನೆಲಬಿಟ್ಟು ಏಳುತ್ತವೆ. ಒದ್ದೆ ಹಿಮಕ್ಕೆ ಇನ್ನೂ ಜೋರು ಬೇಕು. ದಪ್ಪ ಹರಳು ಕೆಲವೇ ಸೆಂಟಿಮೀಟರ್ ಎತ್ತರದಲ್ಲಿ ಪುಟಿಯುತ್ತ ಸಾಗುತ್ತದೆ, ಬಿದ್ದಲ್ಲಿ ಇನ್ನಷ್ಟು ಹರಳನ್ನು ಎಬ್ಬಿಸುತ್ತದೆ. ಸಣ್ಣ ಪುಡಿ ಮೇಲೇರಿ ತೇಲುತ್ತದೆ. ಆದ್ದರಿಂದ ಬ್ಲೋಯಿಂಗ್ ಸ್ನೋಗೆ ‘ತೂರುಹಿಮ’ ಎನ್ನೋಣ. ಕಣ್ಣಿನ ಮಟ್ಟಕ್ಕೆ ಏರದೆ ನೆಲ ಸವರಿ ಹರಿಯುವ ಡ್ರಿಫ್ಟಿಂಗ್ ಸ್ನೋ ಬೇರೆ, ಅದಕ್ಕೆ ‘ಹರಿಹಿಮ’ ಸಾಕು. ಹವಾಮಾನ ವೀಕ್ಷಕರೂ ಇವೆರಡನ್ನು ಬೇರೆಯಾಗಿಯೇ ದಾಖಲಿಸುತ್ತಾರೆ: ಹರಿಹಿಮ ಕಣ್ಣಿನ ಮಟ್ಟದ ನೋಟವನ್ನು ಕೆಡಿಸದು, ತೂರುಹಿಮ ಕೆಡಿಸುತ್ತದೆ. ಬ್ಲಿಜರ್ಡ್‌ಗೆ ಈಗಾಗಲೇ ಓಡಾಡುತ್ತಿರುವ ‘ಹಿಮಬಿರುಗಾಳಿ’ಯನ್ನೇ ಉಳಿಸಿಕೊಳ್ಳಿ. ಚಂಡಮಾರುತ ಬೇಡ, ಓದುವವರು ಬಂಗಾಳ ಕೊಲ್ಲಿಯ ಸೈಕ್ಲೋನ್ ಎಂದುಕೊಳ್ಳುತ್ತಾರೆ.

ಅಂಟಾರ್ಕ್ಟಿಕದಲ್ಲಿ ಈ ಗಾಳಿಗೆ ಇನ್ನೊಂದು ಮೂಲವಿದೆ, ಕೈಪಿಡಿಯಲ್ಲಿ ಬಿಡಬೇಡಿ. ಎತ್ತರದ ಹಿಮಪ್ರಸ್ಥಭೂಮಿಯ ಮೇಲೆ ತಣ್ಣಗಾದ ಗಾಳಿ ತೂಕ ಹೆಚ್ಚಾಗಿ, ಇಳಿಜಾರು ಹಿಡಿದು ಕರಾವಳಿಗೆ ಜಾರುತ್ತದೆ. ಇದೇ ಕಟಾಬ್ಯಾಟಿಕ್ ವಿಂಡ್. ‘ಇಳಿಗಾಳಿ’ ಚೊಕ್ಕ ಮಾತು. ಆಸ್ಟ್ರೇಲಿಯದ ಅನ್ವೇಷಕ ಡಗ್ಲಸ್ ಮಾಸನ್‌ನ ತಂಡ 1912–13ರಲ್ಲಿ ಬೀಡುಬಿಟ್ಟಿದ್ದ ಕೇಪ್ ಡೆನಿಸನ್‌ನಲ್ಲಿ ವರ್ಷದ ಸರಾಸರಿ ಗಾಳಿಯೇ ಗಂಟೆಗೆ 70–80 ಕಿ.ಮೀ. ಇತ್ತು.

ವೈಟ್‌ಔಟ್‌ಗೆ ‘ಶ್ವೇತಾಂಧತೆ’, ‘ಹಿಮಕುರುಡು’ ಎರಡನ್ನೂ ಹೊಡೆದುಹಾಕಿ. ಹಿಮಕುರುಡು ಕಣ್ಣಿನ ಬೇನೆ, ನೇರಳಾತೀತ ಕಿರಣದಿಂದ ಬರುವಂಥದ್ದು. ವೈಟ್‌ಔಟ್‌ನಲ್ಲಿ ಕಣ್ಣಿಗೆ ಏನೂ ಆಗಿರುವುದಿಲ್ಲ. ತೂರುಹಿಮದಿಂದಲೂ ಅದು ಆಗುತ್ತದೆ. ಆದರೆ ಹೆಚ್ಚು ಮೋಸಗೊಳಿಸುವುದು ಇನ್ನೊಂದು ಬಗೆ. ಮೇಲೆ ಒಂದೇ ಸಮನೆ ಮೋಡ, ಕೆಳಗೆ ಹಿಮ, ಬೆಳಕು ಎಲ್ಲ ದಿಕ್ಕಿನಿಂದಲೂ ಬಂದು ನೆರಳೇ ಬೀಳದು. ಗಾಳಿ ತಿಳಿಯಾಗಿರುತ್ತದೆ, ದೂರದ ಕಪ್ಪು ಬಂಡೆ ಕಾಣುತ್ತದೆ. ಎದುರಿಗೆ ಏರುತ್ತಿರುವ ಬಿಳಿ ಇಳಿಜಾರು ಕಾಣದು. 1979ರ ನವೆಂಬರ್ 28ರಂದು ಏರ್ ನ್ಯೂಜಿಲೆಂಡ್ ವಿಮಾನ ಅಂಟಾರ್ಕ್ಟಿಕದ ಎರೆಬಸ್ ಪರ್ವತಕ್ಕೆ ಬಡಿದು 257 ಜನ ತೀರಿಕೊಂಡರು. ವಿಮಾನದ ದಾರಿಯೇ ಪರ್ವತದ ಮೇಲೆ ಹಾದಿತ್ತು, ಎದುರಿನ ಇಳಿಜಾರನ್ನು ಈ ಬಿಳುಪು ಮುಚ್ಚಿಟ್ಟಿತ್ತು. ‘ಮಬ್ಬು’ ಎಂದರೆ ಮಂಜು ನೆನಪಾಗುತ್ತದೆ. ‘ಬಿಳಿಮರೆ’ ಸರಿಹೋಗುತ್ತದೆ.

ವಿಂಡ್ ಚಿಲ್‌ನಲ್ಲಿ ಪದಗಳ ಹಿಂದುಮುಂದು ನೋಡಿಕೊಳ್ಳಿ. ‘ಚಳಿಗಾಳಿ’ ಎಂದರೆ ಗಾಳಿ. ‘ಗಾಳಿಚಳಿ’ ಎಂದರೆ ಗಾಳಿ ತಂದ ಚಳಿ. ನಮಗೆ ಬೇಕಾದ್ದು ಎರಡನೆಯದು. ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ, ಅಮೆರಿಕ ಮತ್ತು ಕೆನಡಾ 2001ರಿಂದ ಬಳಸುತ್ತಿರುವ ಸೂತ್ರದಂತೆ ಗಾಳಿಚಳಿ ಮೈನಸ್ 49. ಇದನ್ನು ‘ತಾಪಮಾನ ಮೈನಸ್ 49ಕ್ಕೆ ಕುಸಿಯಿತು’ ಎಂದು ಬರೆಯುವುದು ದೊಡ್ಡ ತಪ್ಪು. ತಾಪಮಾಪಕ ಮೈನಸ್ 30 ಎಂದೇ ತೋರಿಸುತ್ತದೆ. ಎಂಜಿನ್ನಾಗಲಿ ಕೊಳವೆಯಾಗಲಿ ಅದಕ್ಕಿಂತ ಕೆಳಗೆ ತಣಿಯದು, ಬೇಗ ತಣಿಯುತ್ತದೆ ಅಷ್ಟೇ. ಗಾಳಿಚಳಿ ಬರಿಯ ಚರ್ಮ ಎಷ್ಟು ವೇಗವಾಗಿ ಬಿಸಿ ಕಳೆದುಕೊಳ್ಳುತ್ತದೆ ಎಂಬುದರ ಲೆಕ್ಕ. ಅಂಟಾರ್ಕ್ಟಿಕದ ವೊಸ್ಟಾಕ್ ನೆಲೆಯಲ್ಲಿ 1983ರ ಜುಲೈ 21ರಂದು ದಾಖಲಾದ ಮೈನಸ್ 89.2 ಡಿಗ್ರಿ ಮಾತ್ರ ಗಾಳಿಯ ನಿಜವಾದ ತಾಪಮಾನ. ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬೇಡಿ.

ಮರುಪ್ರಶ್ನೆ (ಹಾವೇರಿ):
‘ತೂರು’ ಕನ್ನಡ, ‘ಹಿಮ’ ಸಂಸ್ಕೃತ. ತೂರುಹಿಮ ಅರಿಸಮಾಸ (ಕನ್ನಡ, ಸಂಸ್ಕೃತ ಪದ ಬೆರೆಸಿದ ದೋಷದ ಸಮಾಸ) ಆಗಲಿಲ್ಲವೇ?

ಉತ್ತರ (ಧಾರವಾಡ):
ಆಗದು. ಸಿಡಿಮದ್ದು, ಸುಡುಗಾಡಿನ ಹಾಗೆ ಇದು ಗಮಕಸಮಾಸ, ಅಂದರೆ ಕ್ರಿಯೆಯಿಂದ ಬಂದ ವಿಶೇಷಣ ನಾಮಪದದ ಮುಂದೆ ಕೂಡಿದ್ದು. ಗಮಕ ಮತ್ತು ಕ್ರಿಯಾ ಸಮಾಸಗಳಿಗೆ ಅರಿಸಮಾಸದ ದೋಷವನ್ನು ವ್ಯಾಕರಣ ಹೇಳುವುದಿಲ್ಲ. ಹರಿಹಿಮಕ್ಕೂ ಇದೇ ಮಾತು. ಎರಡನ್ನೂ ಕೂಡಿಸಿಯೇ ಬರೆಯಿರಿ. ‘ತೂರು ಹಿಮ’ ಎಂದು ಬಿಡಿಸಿದರೆ ಹಿಮವನ್ನು ತೂರಲು ಹೇಳಿದಂತೆ ಓದಿಸಿಕೊಳ್ಳುತ್ತದೆ.