ಗದಗಿನ ಅಳಿಯನ ಗಾಡಿಯ ಎಂಜಿನ್ ಲೈಟಿನ ಬಗ್ಗೆ

ಅಳಿಯಾ, ನೀನು ನಿನ್ನೆ ರಾತ್ರಿ ಗ್ರೂಪಿನಲ್ಲಿ ಹಾಕಿದ ಮೆಸೇಜನ್ನು ಈಗಷ್ಟೇ ಎರಡು ಸಲ ಓದಿದೆ. ಎಂಜಿನ್ ಲೈಟ್ ಹತ್ತಿ ಹತ್ತು ದಿನವಾಯಿತು, ಬೆಳಿಗ್ಗೆ ಗಾಡಿ ಬೇಗ ಸ್ಟಾರ್ಟ್ ಆಗುವುದಿಲ್ಲ, ಕೀಲಿ ತಿರುಗಿಸಿದ ಕೂಡಲೇ ರೇಡಿಯೇಟರ್ ಫ್ಯಾನ್ ಓಡುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ ಎಂದಿದ್ದೀಯ. ಸ್ಕ್ಯಾನರಿನಲ್ಲಿ ಪಿ0118 ಕೋಡ್ ಬಂದಿತೆಂದು ಗ್ಯಾರೇಜಿನವರು ಕೂಲಂಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ತಣಿಸುವ ದ್ರವದ ಬಿಸಿ ಅಳೆಯುವ ಭಾಗ) ಬದಲಿಸಿದರು, ಮರುದಿನವೇ ಲೈಟ್ ಮತ್ತೆ ಹತ್ತಿತು, ಈಗ ಇಸಿಎಂ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್, ಹೋಗಿದೆ ಎನ್ನುತ್ತಿದ್ದಾರೆ. ದಯವಿಟ್ಟು ಅದಕ್ಕೆ ಇವತ್ತೇ ಒಪ್ಪಿಗೆ ಕೊಡಬೇಡ. ಹತ್ತಾರು ಸಾವಿರ ರೂಪಾಯಿಯ ಮಾತು ಅದು. ನನ್ನ ಈ ಮಾತು ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು.

ಪಿ0118 ಎಂದರೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಆ ಸೆನ್ಸರಿನ ಸರ್ಕಿಟ್‌ನಲ್ಲಿ ವೋಲ್ಟೇಜ್ ಇರಬೇಕಾದುದಕ್ಕಿಂತ ಹೆಚ್ಚಿದೆ ಎಂದು ಮಾತ್ರ. ಇಸಿಎಂ ಆ ಸೆನ್ಸರಿಗೆ 5 ವೋಲ್ಟ್ ಕಳಿಸುತ್ತದೆ. ಎಂಜಿನ್ ಬಿಸಿಯಾದಂತೆ ಸೆನ್ಸರಿನ ರೋಧ (ರೆಸಿಸ್ಟೆನ್ಸ್) ಕಡಿಮೆಯಾಗಿ ವೋಲ್ಟೇಜ್ ಇಳಿಯುತ್ತದೆ, ಆ ಇಳಿತವನ್ನು ನೋಡಿಯೇ ಇಸಿಎಂ ಬಿಸಿಯನ್ನು ಲೆಕ್ಕ ಹಾಕುತ್ತದೆ. ದಾರಿಯಲ್ಲಿ ಎಲ್ಲಾದರೂ ವೈರು ತುಂಡಾದರೆ 5 ವೋಲ್ಟ್ ಇಳಿಯದೆ ಹಾಗೇ ನಿಲ್ಲುತ್ತದೆ, ಇಸಿಎಂ ಅದನ್ನು ಮೈನಸ್ 40 ಡಿಗ್ರಿ ಚಳಿ ಎಂದು ಓದುತ್ತದೆ. ಆಗ ಹಳೆಯ ಸ್ಕೂಟರಿನ ಚೋಕ್ ಎಳೆದೇ ಬಿಟ್ಟ ಹಾಗೆ ಪೆಟ್ರೋಲ್ ಹೆಚ್ಚು ಹೋಗುತ್ತದೆ. ನಿಜವಾದ ಬಿಸಿ ತಿಳಿಯದ ಕಾರಣ, ಎಂಜಿನ್ ಕಾದು ಹಾಳಾಗಬಾರದೆಂದು ಫ್ಯಾನನ್ನೂ ಸುಮ್ಮನೆ ಓಡಿಸುತ್ತಿರುತ್ತದೆ. ನೀನು ಹೇಳಿದ ಲಕ್ಷಣಗಳೆಲ್ಲ ಇದಕ್ಕೇ ಹೊಂದುತ್ತವೆ. ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ಕೋಡ್ ಬಂದಿದೆ ಎಂದರೆ, ಮೊದಲು ಅನುಮಾನ ಪಡಬೇಕಾದದ್ದು ವೈರನ್ನು ಮತ್ತು ಅದನ್ನು ಸೆನ್ಸರಿಗೆ ಜೋಡಿಸುವ ಕಪ್ಲರನ್ನು.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಇಲ್ಲಿ ಧಾರವಾಡದಲ್ಲಿ ನಮ್ಮ ಗಾಡಿಗೂ ಇದೇ ಆಗಿತ್ತು, ನಾನು ಎರಡು ಸೆನ್ಸರ್ ಕೊಂಡು ಹಾಕಿಸಿದ್ದೆ. ಕೊನೆಗೆ ಒಬ್ಬ ವಯಸ್ಸಾದ ಇಲೆಕ್ಟ್ರಿಷಿಯನ್ ಎಂಜಿನ್ ಚಾಲೂ ಇಟ್ಟು, ಫೋನಿನಲ್ಲಿ ಬಿಸಿಯ ಅಂಕಿ ನೋಡುತ್ತ, ವೈರಿನ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಮೆಲ್ಲಗೆ ಬಗ್ಗಿಸಿದರು. ಒಂದು ಜಾಗಕ್ಕೆ ಬಂದಾಗ 86 ಇದ್ದ ಅಂಕಿ ಥಟ್ಟನೆ ಮೈನಸ್ 40 ಆಯಿತು. ಎಂಜಿನ್ ಬಂದ್ ಮಾಡಿ ಆ ವೈರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದರೆ ಅದು ರಬ್ಬರಿನಂತೆ ಹಿಗ್ಗಿತು. ಒಳಗೆ ತಾಮ್ರದ ಎಳೆಗಳು ಗಟ್ಟಿಯಾಗಿದ್ದರೆ ವೈರು ಹಿಗ್ಗುವುದಿಲ್ಲ. ಸುಲಿದು ನೋಡಿದಾಗ ಎಳೆಗಳು ಹಸಿರುಗಟ್ಟಿ ತುಂಡಾಗಿದ್ದವು, ಹೊರಗಿನ ಹೊದಿಕೆಗೆ ಒಂದು ಗೀರೂ ಇರಲಿಲ್ಲ. ಕೊಳೆತಷ್ಟನ್ನು ಕತ್ತರಿಸಿ, ಹೊಸ ತುಂಡು ಸೇರಿಸಿ ಬೆಸುಗೆ ಹಾಕಿ ಮುಗಿಸಿದರು.

ಈಗ ನೀನು ಮಾಡಬೇಕಾದ್ದು ಹೇಳುತ್ತೇನೆ. ಸ್ಟೀರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಹಾಕಿ ಗಾಡಿಯ ಅಂಕಿಗಳನ್ನು ಫೋನಿನಲ್ಲಿ ನೋಡುವ ಬ್ಲೂಟೂತ್ ಅಡಾಪ್ಟರನ್ನು ಯಾರಿಂದಲಾದರೂ ತಂದುಕೋ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕೂಲಂಟಿನ ಬಿಸಿ ಮತ್ತು ಒಳಗೆ ಹೋಗುವ ಗಾಳಿಯ ಬಿಸಿ, ಎರಡನ್ನೂ ನೋಡು. ಅವೆರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 24 ಎಂದು ತೋರಿಸಿ ಕೂಲಂಟ್ ಮೈನಸ್ 40 ತೋರಿಸಿದರೆ ಸರ್ಕಿಟ್ ಎಲ್ಲೋ ತುಂಡಾಗಿದೆ.

ಮುಂದಿನದನ್ನು ನೀನೇ ಎದುರಿಗೆ ನಿಂತು ಇಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸು. ಸೆನ್ಸರಿನ ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ನುಗಳನ್ನು ತೆಳುವಾದ ವೈರಿನಿಂದ ಜೋಡಿಸಿದರೆ ಅಂಕಿ ಒಮ್ಮೆಲೇ ನೂರರ ಆಚೆಗೆ ಏರಬೇಕು. ಏರಿತೆಂದರೆ ವೈರೂ ಸರಿ, ಇಸಿಎಮ್ಮೂ ಸರಿ. ತಪ್ಪು ಹೊಸ ಸೆನ್ಸರಿನಲ್ಲಿದೆ ಅಥವಾ ಸಡಿಲಾದ ಪಿನ್ನಿನಲ್ಲಿದೆ. ಏರದಿದ್ದರೆ ಮೀಟರ್ ಹಿಡಿಯಬೇಕು. ಒಂದು ಪಿನ್ನಿನಲ್ಲಿ 5 ವೋಲ್ಟ್ ಬರುತ್ತಿದ್ದರೆ ಮತ್ತೊಂದು ವೈರು, ಅಂದರೆ ಅರ್ಥಿಂಗ್, ತುಂಡಾಗಿದೆ. 5 ವೋಲ್ಟ್ ಬಾರದೆ ಇದ್ದರೆ ಆ ವೈರನ್ನು ಇಸಿಎಮ್ಮಿನವರೆಗೂ ಪರೀಕ್ಷಿಸಿ, ಅದು ಸರಿ ಇದೆ ಎಂದಾದ ಮೇಲೆ ಮಾತ್ರ ಇಸಿಎಮ್ಮಿನ ಮಾತು ಬರಬೇಕು. ಕೆಲವು ಗಾಡಿಗಳು ಕೋಡ್ ಬಂದ ಮೇಲೆ ನಿಜವಾದ ಅಂಕಿಯ ಬದಲು ತಾವೇ ಊಹಿಸಿದ ಅಂಕಿ ತೋರಿಸುತ್ತವೆ, ಅಂಥಲ್ಲಿ ಮೀಟರನ್ನೇ ನಂಬಬೇಕು. ಜೋಡಿಸುವ ಈ ಪರೀಕ್ಷೆ ಎರಡು ವೈರಿನ ಸೆನ್ಸರಿಗೆ ಮಾತ್ರ. ಮೂರು ವೈರಿದ್ದರೆ ಮಾಡಿಸಲೇಬೇಡ.

ಮೀಟರಿನ ದಪ್ಪ ಕಡ್ಡಿಯನ್ನು ಕಪ್ಲರಿನೊಳಗೆ ತುರುಕಲು ಬಿಡಬೇಡ, ಪಿನ್ನು ಅಗಲವಾದರೆ ಹೊಸ ತೊಂದರೆ ಹುಟ್ಟುತ್ತದೆ. ಬಿಸಿ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯಬೇಡ. ಕಪ್ಲರ್ ಬಿಚ್ಚಿದ ಕೂಡಲೇ ಫ್ಯಾನ್ ತಿರುಗಬಹುದು, ಬೆರಳು ದೂರವಿರಲಿ.

ಬೆಳಗಿನ ಆ ಎರಡು ಅಂಕಿಗಳ ಫೋಟೋ ತೆಗೆದು ಇಲ್ಲಿಯೇ ಹಾಕು. ಭಾನುವಾರ ನಿಮ್ಮ ಅವ್ವನನ್ನು ನೋಡಲು ಹೇಗೂ ಗದಗಿಗೆ ಬರುವವನಿದ್ದೇನೆ, ಮೀಟರ್ ತರುತ್ತೇನೆ. ಅಲ್ಲಿಯವರೆಗೆ ಆ ಇಸಿಎಮ್ಮನ್ನು ಯಾರಿಗೂ ಬಿಚ್ಚಲು ಬಿಡಬೇಡ.